ಅಕ್ಕನನ್ನು ಕರೆಯಲು ಹೋದ ಹೆಲಿಕಾಪ್ಟರ್

ನನ್ನ ಭಾವನನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದನ್ನು ಓದಿ ನೀವೇ ಕಂಡುಹಿಡಿದಿರೆಂದು ಬೀಗುತ್ತೀರಿ. ಮೊಳಕಾಲ್ಮೂರಿನಲ್ಲಿ ಮನೆಯೊಳಗೇ ರೇಷ್ಮೆ ಸೀರೆಯ ಮಗ್ಗ ಹಾಕಿಕೊಂಡಿರುವ ಆ ಮನುಷ್ಯನಿಗೆ ನನ್ನ ಅಕ್ಕನನ್ನು ಕೊಟ್ಟು ಬಹಳ ವರ್ಷಗಳಾದವು. ಅಷ್ಟು ವರ್ಷವೂ ಅವನು ನನ್ನನ್ನು ಸೇದಿ ಬಿಸಾಕಿದ ಬೀಡಿ ತುಂಡಿನ ಹಾಗೆ ನೋಡಿದ್ದಾನೆ. ನಾನೂ ಏನು ಕಡಿಮೆ ಮಾಡಿಲ್ಲ.

ಚಳ್ಳಕೆರೆಯಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಎಣ್ಣೆ ಮಿಲ್ಲಿನ ಮೋಟಾರು, ಬೋರ್‌ವೆಲ್ ಮೋಟಾರು ಸುಟ್ಟುಕೊಂಡು ಬರುತ್ತವೆ. ತಾಮ್ರದ ತಂತಿ ಸುತ್ತಿ ಸುತ್ತಿ ಬೇಸರ ಬಂದಿದ್ದ ಕಾಲದಲ್ಲಿ ಒಂದು ರಿಮೋಟ್ ಹೆಲಿಕಾಪ್ಟರ್ ತರಿಸಿಕೊಂಡೆ. ಅದನ್ನು ಯಾರಾದರೂ ಆಟದ ಸಾಮಾನು ಅಂದರೆ ಸಿಟ್ಟು ನೆತ್ತಿಗೇರುತ್ತದೆ. ಮೊಳಕ್ಕಿಂತ ಉದ್ದದ ಯಂತ್ರ, ರೆಕ್ಕೆಗೆ ಬೆರಳು ಸಿಕ್ಕರೆ ಬೆರಳೇ ಹೋಗುತ್ತದೆ. ಅದು ಕೈಗೆ ಪಳಗಲು ಎರಡು ಬೇಸಿಗೆ ಬೇಕಾಯಿತು. ಒಮ್ಮೆ ನಮ್ಮ ಮನೆಗೆ ಬಂದ ಭಾವ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಸ್ವಲ್ಪ ದಿನಕ್ಕೆ ನನ್ನದಕ್ಕಿಂತ ದೊಡ್ಡದನ್ನು ತರಿಸಿಕೊಂಡ. ಹಾರಿಸಲು ಬರದವನಿಗೆ ದೊಡ್ಡದೇ ಬೇಕು.

ಹೋದ ವರ್ಷ ಆಷಾಢದಲ್ಲಿ ತನ್ನ ಬೀದಿಯವರನ್ನೆಲ್ಲ ಸೇರಿಸಿ ಅದನ್ನು ಹಾರಿಸಿದ. ಅವನ ಮನೆ ಊರಿನ ಕೊನೆಗಿದೆ, ಹಿಂದೆಯೇ ಬೀಳು ಹೊಲ. ನಮ್ಮ ಕಡೆ ಆಷಾಢದ ಗಾಳಿ ಅಂದರೆ ಕಣ್ಣಿಗೆ ಕೆಮ್ಮಣ್ಣು ತುಂಬಿ, ಒಣಹಾಕಿದ ಬಟ್ಟೆಯನ್ನು ಪಕ್ಕದ ಊರಿಗೆ ಕಳಿಸುವಂಥದ್ದು. ಅಂಥ ಗಾಳಿಯಲ್ಲಿ ಹೆಲಿಕಾಪ್ಟರಿನ ಮೂತಿ ಗಾಳಿ ಬರುವ ಕಡೆಗೇ ಇರಬೇಕು, ಆಗ ಗಾಳಿಯೇ ಅದನ್ನು ಎತ್ತಿ ಹಿಡಿಯುತ್ತದೆ. ಗಾಳಿಗೆ ಬೆನ್ನು ಕೊಟ್ಟರೆ ಬಾಲ ತಿರುಚಿಕೊಂಡು ಹೇಳಿದ ಮಾತು ಕೇಳುವುದಿಲ್ಲ. ಭಾವ ಬೆನ್ನು ಕೊಟ್ಟ. ಯಂತ್ರ ಹೋಗಿ ಜಾಲಿ ಗಿಡಕ್ಕೆ ನೇತುಬಿತ್ತು. ನಾನು ಅವನ ಬೀದಿಯವರ ಎದುರಿಗೇ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಷ್ಟು ಸುಖ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ನಾಗರ ಪಂಚಮಿ ಬಂತು. ಪಂಚಮಿಗೆ ಅಣ್ಣನೋ ತಮ್ಮನೋ ಹೋಗಿ ಹೆಣ್ಣುಮಗಳನ್ನು ತವರಿಗೆ ಕರೆತರಬೇಕು. ಕರೆಯದೆ ಅವಳು ಬರುವಂತಿಲ್ಲ, ಗಂಡ ಕಳಿಸದೆ ಹೊರಡುವಂತಿಲ್ಲ. ನಾನು ಹೋದೆ. "ಮಗ್ಗದ ಮೇಲೆ ಅರ್ಜೆಂಟ್ ಸೀರೆ ಐತೆ, ಈ ಸಲ ಆಗಲ್ಲ" ಎಂದ ಭಾವ. ಅವ್ವ ಅಕ್ಕನಿಗೆಂದು ಕಟ್ಟಿದ ಶೇಂಗಾ ಉಂಡೆ ಡಬ್ಬಿಯಲ್ಲೇ ಮುಗ್ಗಲು ಹಿಡಿಯಿತು. ಅದನ್ನು ಅವಳು ಬೇರೆ ಯಾರಿಗೂ ಕೊಡಲಿಲ್ಲ. ಈ ವರ್ಷ ಅಮಾವಾಸ್ಯೆಯ ದಿನವೇ ಹೇಳಿಬಿಟ್ಟಳು: "ಈ ಸಲಾನೂ ಅವಳು ಬರ್ಲಿಲ್ಲ ಅಂದ್ರೆ ನಾನು ಒಲೆ ಮೇಲೆ ಬಾಂಡ್ಲಿ ಇಡಲ್ಲ. ಕರ್ಕೊಂಡೇ ಬರ್ಬೇಕು ನೀನು."

ಅಂದು ನನ್ನ ಬೈಕಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದವಳು, ಭಾವನ ಎದುರು ಹಾರಿಸಿ ತೋರಿಸಲು ನಾನು ಒಯ್ಯಲಿದ್ದ ಹೆಲಿಕಾಪ್ಟರನ್ನೂ ಬಿಡಲಿಲ್ಲ. ಅದರ ಬಾಲಕ್ಕೆ, ಹಿಂದಿನ ಚಿಕ್ಕ ರೆಕ್ಕೆಯ ಹತ್ತಿರ, ಒಂದು ಕರಿದಾರ ಸುತ್ತಿ ಗಂಟು ಹಾಕಿದಳು. "ನಿಮ್ಮ ಭಾವನ ಕಣ್ಣು ಸುಮ್ನೆ ಅಲ್ಲ ಕಣಪ್ಪ" ಎಂದಳು. ತಿರುಗುವ ಯಂತ್ರಕ್ಕೆ ಯಾರಾದರೂ ದಾರ ಕಟ್ಟುತ್ತಾರೇನವ್ವ ಎಂದು ರೇಗಿದೆ. ಆದರೆ ಬಿಚ್ಚಲಿಲ್ಲ. ಅವನ ಕಣ್ಣು ಎಂಥದ್ದು ಅಂತ ನನಗೂ ಗೊತ್ತಿತ್ತಲ್ಲ. ಮಾರನೆಯ ದಿನ ಹೆಲಿಕಾಪ್ಟರಿನ ಡಬ್ಬವನ್ನು ಬೈಕಿನ ಹಿಂದಿನ ಸೀಟಿಗೆ ಹಗ್ಗ ಹಾಕಿ ಬಿಗಿದು ಮೊಳಕಾಲ್ಮೂರಿಗೆ ಹೊರಟೆ. ದಾರಿಯುದ್ದಕ್ಕೂ ಅಡ್ಡಗಾಳಿ. ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಹುಚ್ಚು ಹಿಡಿದಂತೆ ತಿರುಗುತ್ತಿದ್ದವು.

ಭಾವ ಬಾಗಿಲಲ್ಲೇ ನಿಂತಿದ್ದ. ಒಂದು ಲೋಟ ನೀರು ಬೇಕಾ ಅಂತಲೂ ಕೇಳಲಿಲ್ಲ. ನನ್ನನ್ನು ಹಂಗಿಸುವಾಗ ಅವನಿಗೆ ತೆಲುಗು ಬರುತ್ತದೆ.

"ಏಮಯ್ಯಾ ಬಾವಮರಿದಿ, ಮಿಷಿನ್ ಕಟ್ಕೊಂಡೇ ಬಂದೀಯಲ್ಲ! ಈ ಗಾಳಿಗೆ ಏಳ್ತೈತಾ ಅದು?"

"ನಂದು ಏಳ್ತೈತೆ. ನಿಮ್ದು ಜಾಲಿ ಗಿಡದಿಂದ ಇಳೀತಾ?"

ಅವನ ಮುಖ ಕಪ್ಪಿಟ್ಟಿತು. "ಸರಿ ಹಂಗಾದ್ರೆ, ಎರಡೂ ಒಟ್ಟಿಗೆ ಏಳಿಸಾನ. ನಂದು ಮೊದಲು ನೆಲ ಮುಟ್ಟಿದ್ರೆ ನಿಮ್ಮಕ್ಕನ್ನ ಕರ್ಕೊಂಡು ಹೋಗು. ನಿಂದು ಮುಟ್ಟಿದ್ರೆ ಬಂದ ದಾರಿ ಹಿಡಿ."

"ಆಗ್ಲಿ" ಎಂದೆ. ಒಳಗೆ ಮಗ್ಗದ ಸದ್ದು ನಿಂತಿತು. ನಾವಿಬ್ಬರೂ ಆಗಲೇ ಹೊಲದ ಕಡೆ ನಡೆಯುತ್ತಿದ್ದೆವು.

ಅವನು ತನ್ನದನ್ನು ತೋರಿಕೆಗೆ ಎತ್ತರಕ್ಕೆ ಏರಿಸಿದ. ಒಪ್ಪಿಕೊಳ್ಳಲು ಹೊಟ್ಟೆ ಉರಿಯುತ್ತದೆ, ಆದರೆ ಈ ಸಲ ಮೂತಿಯನ್ನು ಗಾಳಿಗೆ ಸರಿಯಾಗಿ ಕೊಟ್ಟಿದ್ದ. ನಾನು ನನ್ನದನ್ನು ತಲೆಯೆತ್ತರದಲ್ಲಿ ನಿಲ್ಲಿಸಿಕೊಂಡೆ. ಗಾಳಿ ನೂಕಿದಾಗ ಹೆಬ್ಬೆರಳಿನಲ್ಲಿ ಒಂದು ಕೂದಲೆಳೆ ಮುಂದೆ, ಬಿಟ್ಟಾಗ ಹಿಂದೆ. ಯಂತ್ರ ಮೊಳೆ ಹೊಡೆದ ಹಾಗೆ ನಿಂತಿತ್ತು. ಬೀಳು, ಮಗನೇ ಬೀಳು ಎಂದು ಅವನ ಹೆಲಿಕಾಪ್ಟರಿಗೆ ಮನಸ್ಸಿನಲ್ಲೇ ಶಾಪ ಹಾಕುತ್ತಿದ್ದೆ. ಅಷ್ಟರಲ್ಲಿ ನನ್ನದರ ಬಾಲ ಗಕ್ಕನೆ ನಿಂತು, ಇಡೀ ಯಂತ್ರ ಬುಗುರಿಯಂತೆ ಸುತ್ತಿ ನೆಲಕ್ಕೆ ಅಪ್ಪಳಿಸಿತು. ಓಡಿಹೋಗಿ ನೋಡಿದರೆ ಅವ್ವನ ಕರಿದಾರ. ಗಾಳಿಗೆ ಬಿಚ್ಚಿಕೊಂಡ ಅದರ ತುದಿ ಚಿಕ್ಕ ರೆಕ್ಕೆಗೆ ಸುತ್ತಿಕೊಂಡು ಬಿಗಿದುಹೋಗಿತ್ತು.

ಭಾವ ಕೈ ಮೇಲೆತ್ತಿ ಕೇಕೆ ಹಾಕಿದ. ರಿಮೋಟ್ ಹಿಡಿದ ಕೈಯನ್ನೇ ಎತ್ತಿದ್ದ ಆ ಮಹಾಶಯ! ಅದೇ ಹೊತ್ತಿಗೆ ಗಾಳಿ ಒಮ್ಮೆಲೇ ನಿಂತಿತು. ಎತ್ತಿ ಹಿಡಿದಿದ್ದ ಗಾಳಿ ಕೈಬಿಟ್ಟರೆ ತಕ್ಷಣ ಯಂತ್ರಕ್ಕೆ ಬಲ ಕೊಡಬೇಕು. ಅವನು ಕೊಡುವಷ್ಟರಲ್ಲಿ ಅವನದೂ ಬಂದು ಕಲ್ಲಿನ ಮೇಲೆ ಬಿದ್ದು ಎರಡು ತುಂಡಾಯಿತು. ಆಮೇಲೆ ನಾವಿಬ್ಬರೂ ಚೂರುಗಳ ನಡುವೆ ನಿಂತು ಗಂಟಲು ಹರಿಯುವಂತೆ ಜಗಳವಾಡಿದೆವು. ದಾರ ಸಿಕ್ಕಿಕೊಂಡದ್ದು ಲೆಕ್ಕಕ್ಕಿಲ್ಲ ಎಂದು ನಾನು, ಮೊದಲು ಬಿದ್ದದ್ದು ನಿನ್ನದೇ ಎಂದು ಅವನು. ಕೊರಳಪಟ್ಟಿಗೆ ಕೈ ಹಾಕುವುದೊಂದು ಬಾಕಿ ಇತ್ತು.

ಚೂರುಗಳನ್ನು ಡಬ್ಬಕ್ಕೆ ತುಂಬಿ, ಬೈಕಿನ ಹತ್ತಿರ ಬಂದು ಹಗ್ಗ ಬಿಗಿಯುತ್ತಿದ್ದಾಗ ಅಕ್ಕ ಹೊರಗೆ ಬಂದಳು. ಬೇರೆ ಸೀರೆ ಉಟ್ಟಿದ್ದಳು, ಕೈಯಲ್ಲಿ ಬ್ಯಾಗಿತ್ತು.

"ಯಾರನ್ನ ಕೇಳಿ ಹೊರಟೆ?" ಎಂದು ಭಾವ ಗುಡುಗಿದ.

"ನೀವು ಯಾರನ್ನ ಕೇಳಿ ಪಂದ್ಯ ಕಟ್ಟಿದ್ರಿ?"

ನಾನು ಹಲ್ಲು ಕಿರಿದೆ. ಅಕ್ಕ ನನ್ನ ಕಡೆ ತಿರುಗಿದಳು, ನಾನು ಹಾಕುತ್ತಿದ್ದ ಗಂಟನ್ನೂ ಸೀಟು ತುಂಬ ಕೂತಿದ್ದ ಡಬ್ಬವನ್ನೂ ನೋಡಿದಳು.

"ಲೇ, ನೀನು ಗೆದ್ದಿದ್ರೆ ನನ್ನ ಎಲ್ಲಿ ಕೂರಿಸ್ಕೊಂಡು ಹೋಗ್ತಿದ್ದೆ?"

ಭಾವ ಕೇಳಿದ್ದರೆ ಒಂದಕ್ಕೆರಡು ಉತ್ತರ ಕೊಡುತ್ತಿದ್ದೆ. ಅವಳು ಉತ್ತರಕ್ಕೆ ಕಾಯಲಿಲ್ಲ. ಬ್ಯಾಗಿನಿಂದ ಆಧಾರ್ ಕಾರ್ಡು ತೆಗೆದು ಕೈಯಲ್ಲಿ ಹಿಡಿದುಕೊಂಡಳು. "ಸರ್ಕಾರಿ ಬಸ್ಸಿಗೆ ನನಗೆ ಟಿಕೆಟ್ ಬೇಕಾಗಿಲ್ಲ. ಕರೆಯೋರೂ ಬೇಕಾಗಿಲ್ಲ, ಕಳಿಸೋರೂ ಬೇಕಾಗಿಲ್ಲ" ಎಂದು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಸೆರಗು ಗಾಳಿಗೆ ಹಾರುತ್ತಿತ್ತು, ಅವಳು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಅವಳ ಬಸ್ಸು ಅರ್ಧ ದಾರಿಯಲ್ಲಿ ನನ್ನನ್ನು ಹಿಂದೆ ಹಾಕಿ ಹೋಯಿತು. ಕಿಟಕಿ ಪಕ್ಕದಲ್ಲೇ ಕೂತಿದ್ದಳು, ನೋಡಲಿಲ್ಲ. ನಾನು ಮನೆ ಮುಟ್ಟುವ ಹೊತ್ತಿಗೆ ಒಲೆಯ ಮೇಲೆ ಬಾಂಡ್ಲಿ ಇತ್ತು, ಅಕ್ಕ ಉಂಡೆ ಕಟ್ಟುತ್ತಿದ್ದಳು. ಅವ್ವ ಹೊರಗೆ ಬಂದು ಬೈಕಿನ ಮೇಲಿದ್ದ ಡಬ್ಬವನ್ನು ನೋಡಿ, "ಇದನ್ನೇನಪ್ಪ ಕರ್ಕೊಂಡು ಬಂದೆ?" ಎಂದಳು.