ಎಡಗೈ ಆಟ

ಶಾಲೆಯ ಮಕ್ಕಳು ಅವಳನ್ನು ವ್ಯಾನಕ್ಕ ಎನ್ನುತ್ತಿದ್ದರು. ಬರಬರುತ್ತ ಅವರ ಅಪ್ಪ ಅಮ್ಮಂದಿರೂ ಹಾಗೆಯೇ ಕರೆಯತೊಡಗಿದರು. ಬೆಳಿಗ್ಗೆ ಮಕ್ಕಳನ್ನು ಇಳಿಸಿದರೆ ಶಾಲೆ ಬಿಡುವವರೆಗೂ ಅವಳಿಗೆ ಕೆಲಸವಿಲ್ಲ. ಮನೆಗೆ ಹೋಗಿ ಬಂದರೆ ಡೀಸೆಲ್ ದಂಡ, ಬಿಸಿಲಲ್ಲಿ ಕಾದ ವ್ಯಾನಿನೊಳಗೆ ಕೂತರೆ ತಲೆನೋವು. ಹಾಗಾಗಿ ಒಂದು ದಿನ ಎದುರಿನ ಕಟ್ಟಡದ ಮಹಡಿ ಹತ್ತಿ, ಅಲ್ಲಿ ಮೇಜಿನ ಮೇಲೆ ಕೋಲಿನಿಂದ ಚೆಂಡು ಹೊಡೆಯುವ ಪೂಲ್ ಆಟದ ಕ್ಲಬ್ಬು ನಡೆಸುತ್ತಿದ್ದ ಯಜಮಾನರನ್ನು ಕೇಳಿದಳು:

"ಸ್ವಲ್ಪ ಹೊತ್ತು ಫ್ಯಾನ್ ಕೆಳಗೆ ಕೂತ್ಕೋಬಹುದಾ ಸಾರ್?"

ಹಗಲು ಹೊತ್ತಿನಲ್ಲಿ ಯಜಮಾನರೂ ನೊಣ ಹೊಡೆಯುತ್ತಾ ಕೂತಿರುತ್ತಿದ್ದರು. ಕುರ್ಚಿ ತೋರಿಸಿದರು. ಒಂದಷ್ಟು ದಿನ ಅವಳು ಸುಮ್ಮನೆ ಕೂತು ಹೋಗುವುದನ್ನು ನೋಡಿ ನೋಡಿ ಬೇಸರವಾಗಿ, ಗೋಡೆಯಲ್ಲಿದ್ದ ಕೋಲೊಂದನ್ನು ತೆಗೆದು ಕೈಗಿಟ್ಟರು. "ಹಿಡ್ಕೋಮ್ಮಾ. ಒಬ್ಬನೇ ಆಡಿ ಆಡಿ ನನಗೂ ಸಾಕಾಗಿದೆ."

ಇಕ್ಕಟ್ಟು ಗಲ್ಲಿಯಲ್ಲಿ ವ್ಯಾನ್ ರಿವರ್ಸ್ ತೆಗೆಯುವವಳಿಗೆ ಕೋಲಿನಿಂದ ಹೊಡೆದ ಬಿಳಿ ಚೆಂಡು ಯಾವ ಚೆಂಡಿಗೆ ಎಲ್ಲಿ ತಾಗಿದರೆ ಅದು ಮೇಜಿನ ಯಾವ ತೂತಿಗೆ ಬೀಳುತ್ತದೆ ಎನ್ನುವುದು ಬೇಗ ಹತ್ತಿತು. ಜೋರಾಗಿ ಹೊಡೆಯುವ ಚಟ ಬಿಡಿಸಲು ಮಾತ್ರ ಯಜಮಾನರಿಗೆ ಸಾಕುಬೇಕಾಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಅವಳು ಅವರನ್ನೂ ಆಗೊಮ್ಮೆ ಈಗೊಮ್ಮೆ ಸೋಲಿಸುತ್ತಿದ್ದಳು. ಮನೆಯಲ್ಲಿ ಅತ್ತೆಗೆ ಇದು ನಗೆಯ ವಸ್ತು. "ಪೊರಕೆ ಹಿಡಿಯೇ ಅಂದ್ರೆ ಸೊಂಟ ಹಿಡ್ಕೊಳ್ಳುತ್ತೆ, ಅಲ್ಲಿ ಮೇಜಿನ ಮೇಲೆ ಬಗ್ಗಿ ಬಗ್ಗಿ ಚೆಂಡು ತಳ್ಳೋಕೆ ಏನೂ ಆಗಲ್ಲ!" ನೀರಿನ ಪಂಪು ರಿಪೇರಿ ಮಾಡುವ ಗಂಡ ಪರವಾಗಿಯೂ ಮಾತಾಡುತ್ತಿರಲಿಲ್ಲ, ವಿರೋಧವಾಗಿಯೂ ಮಾತಾಡುತ್ತಿರಲಿಲ್ಲ.

ಆ ಕ್ಲಬ್ಬಿನಲ್ಲಿ ವರ್ಷಕ್ಕೊಮ್ಮೆ ಪಂದ್ಯಾವಳಿ ನಡೆಯುತ್ತಿತ್ತು. ಮೊದಲು ಐದು ಆಟ ಗೆದ್ದವರು ಮುಂದಿನ ಸುತ್ತಿಗೆ. ಯಜಮಾನರ ಒತ್ತಾಯಕ್ಕೆ ವ್ಯಾನಕ್ಕ ಹೆಸರು ಕೊಟ್ಟಳು. ಚೀಟಿ ಎತ್ತಿದಾಗ ಎದುರಾಳಿಯಾಗಿ ಸಿಕ್ಕವನು ಗ್ಲೌಸು. ಬಲಗೈಯಲ್ಲಿ ಕೋಲು ಹಿಡಿದು, ಅದು ಸಲೀಸಾಗಿ ಜಾರಲೆಂದು ಮೇಜಿನ ಮೇಲೂರುವ ಎಡಗೈಗೆ ಕಪ್ಪು ಗ್ಲೌಸು ಹಾಕಿಕೊಂಡೇ ಆಡುವ ಅವನಿಗೆ ಆ ಹೆಸರೇ ಅಂಟಿತ್ತು. ಸುತ್ತಮುತ್ತ ಅವನನ್ನು ಮೀರಿಸುವವರಿರಲಿಲ್ಲ.

ಅವನು ಅವಳ ಮುಖವನ್ನೇ ನೋಡಲಿಲ್ಲ. ಅವಳು ಗುರಿ ಹಿಡಿದಾಗಲೆಲ್ಲ ಬೆನ್ನು ತಿರುಗಿಸಿ ಗೆಳೆಯರ ಜೊತೆ ಹರಟುತ್ತಿದ್ದ. ಕೊನೆಯ ಆಟದಲ್ಲಿ ಅವಳಿನ್ನೂ ಹೊಡೆಯುತ್ತಿರುವಾಗಲೇ ಅವನ ಗೆಳೆಯ ಟೀ ತರಲು ಹೊರಟ. ಗ್ಲೌಸು ಹೇಳಿದ, "ತಡಿ, ನಾನೂ ಬರ್ತೀನಿ. ಇದೇನು, ಮುಗೀತು."

ಮುಗಿದದ್ದು ನಿಜವೇ. ಆದರೂ ಆ ಮಾತು ಅವಳ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು.

ಮರುವರ್ಷ ಅವಳಿಗೆ ಎದುರಾದವರು ಬೇರೆ ಊರಿನ ಹಿರಿಯರೊಬ್ಬರು. ದಪ್ಪ ಕನ್ನಡಕ, ಇಸ್ತ್ರಿ ಹಾಕಿದ ಅಂಗಿ, ದೊಡ್ಡ ದೊಡ್ಡ ಕಡೆ ಗೆದ್ದು ಬಂದವರು. ಅವರ ಮುಂದೆ ಒಂದೂ ಆಟ ಗೆಲ್ಲಲಾಗಲಿಲ್ಲ. ಒಂದಿಷ್ಟೂ ಕರುಣೆ ತೋರಿಸದೆ ಬಡಿದು ಹಾಕಿದರು. ಆದರೆ ಅವಳು ಹೊಡೆಯುವಾಗಲೆಲ್ಲ ಕುರ್ಚಿಯಲ್ಲಿ ನೆಟ್ಟಗೆ ಕೂತು ಮೇಜನ್ನೇ ನೋಡುತ್ತಿದ್ದರು. ಮುಗಿದ ಮೇಲೆ ಕೈ ಕುಲುಕಿ ಹೇಳಿದರು:

"ಒಂದ್ಸಲ ಬಿಳಿ ಚೆಂಡನ್ನ ಬೇರೆ ಚೆಂಡುಗಳ ಹಿಂದೆ ಅಡಗಿಸಿಟ್ಟು ನನಗೆ ಹೊಡೆಯೋಕೆ ದಾರೀನೇ ಇಲ್ಲದ ಹಾಗೆ ಮಾಡಿದ್ರಲ್ಲ, ಬೆವರು ಇಳಿಸಿಬಿಟ್ರಿ ನೀವು."

ಆ ದಿನ ಅವಳು ಮನೆಗೆ ಹಾಡು ಗುನುಗುತ್ತಾ ಬಂದಳು. "ಗೆದ್ದೆಯೇನೇ?" ಎಂದರು ಅತ್ತೆ. "ಇಲ್ಲ ಅತ್ತೆ, ಚೆನ್ನಾಗಿ ಸೋತೆ." ಅತ್ತೆ ಮಗನ ಕಡೆ ನೋಡಿ, "ತಲೆ ಕೆಟ್ಟಿರಬೇಕು ಇವಳಿಗೆ" ಎಂದರು.

ಮೂರನೇ ವರ್ಷ ಮತ್ತೆ ಗ್ಲೌಸು ಸಿಕ್ಕಿದ. ಈ ಸಲ ವ್ಯಾನಕ್ಕ ತಿಂಗಳುಗಟ್ಟಲೆ ಬೆವರು ಸುರಿಸಿ ತಯಾರಾಗಿದ್ದಳು. ಅವನು ಮೊದಲ ನಾಲ್ಕು ಆಟ ಸರಸರನೆ ಗೆದ್ದ. ಆಮೇಲೆ ಪ್ರೇಕ್ಷಕರ ಕಡೆ ಕಣ್ಣು ಹೊಡೆದು, ಗ್ಲೌಸು ಬಿಚ್ಚಿ ಜೇಬಿಗೆ ಹಾಕಿಕೊಂಡು, ಕೋಲನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿದ. ಜನ ಗೊಳ್ಳೆಂದರು. ಎಡಗೈಯಲ್ಲಿ ಅವನ ಏಟು ದಿಕ್ಕಾಪಾಲಾಯಿತು. ಅವಳು ಒಂದು ಆಟ ಗೆದ್ದಳು, ಇನ್ನೊಂದು ಗೆದ್ದಳು. ಒಂದೊಂದು ಚೆಂಡು ಬಿದ್ದಾಗಲೂ ಚಪ್ಪಾಳೆ. ಗ್ಲೌಸು ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದ, ನಡೆಯಲು ಕಲಿಯುವ ಕೂಸಿಗೆ ತಟ್ಟುವ ಹಾಗೆ.

ಮೂರನೆಯದಕ್ಕೆ ಚೆಂಡುಗಳನ್ನು ಜೋಡಿಸುವಾಗ ಅವಳು ಕೋಲನ್ನು ನೆಲಕ್ಕೂರಿ ನಿಂತಳು.

"ಬಲಗೈಲಿ ಆಡಿ."

"ಅಯ್ಯೋ, ಬಿಡಿ ಅಕ್ಕಾ. ಬಲಗೈಲಿ ಆಡಿದ್ರೆ ನಿಮಗೆ ಆಟಾನೇ ಸಿಗಲ್ಲ."

"ಸಿಗದಿದ್ರೆ ಬೇಡ. ನಾನು ಬಂದಿರೋದು ಆಡೋಕೆ, ನಿಮ್ಮ ಕೈಲಿ ಆಡಿಸ್ಕೊಳ್ಳೋಕಲ್ಲ."

ಅವನು ಹೆಗಲು ಕುಣಿಸಿ, ಜೇಬಿನಿಂದ ಗ್ಲೌಸು ತೆಗೆದು ಎಡಗೈಗೆ ಹಾಕಿಕೊಂಡ. ಅವಳಿಗೆ ಒಂದೇ ಒಂದು ಏಟಿಗೂ ಅವಕಾಶ ಕೊಡದೆ ಆಟ ಮುಗಿಸಿದ.

ಯಜಮಾನರು ಅವಳನ್ನು ಮೂಲೆಗೆ ಕರೆದು ಬೈದರು. "ಗೆಲ್ತಿದ್ದೆಯಲ್ಲಮ್ಮಾ! ಬಾಯಿ ಮುಚ್ಕೊಂಡು ಆಡಿದ್ರೆ ಏನು ಗಂಟು ಹೋಗ್ತಿತ್ತು?"

"ಅದು ಗೆಲುವಾ ಸಾರ್?"

"ಗೆಲುವು ಗೆಲುವೇ. ಯಾರು ಕೇಳ್ತಾರೆ ಯಾವ ಕೈ ಅಂತ?"

ಗಂಡನೂ ಅದನ್ನೇ ಹೇಳಿದ. "ಅವನೇನು ಕೆಟ್ಟದ್ದು ಮಾಡಿದ? ನಿನಗೆ ಬೇಜಾರಾಗಬಾರದು ಅಂತ ತಾನೇ? ನಿನಗೆ ಮೂಗಿನ ತುದೀಲೇ ಕೋಪ." ಅವಳು ಕೈಲಿದ್ದ ಪಾತ್ರೆಯನ್ನು ಸಿಂಕಿನಲ್ಲಿ ಕುಕ್ಕಿದಳು. ಹೇಗೆ ಹೇಳುವುದು? ಸೋಲಿಸಿದವರ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಆಟಕ್ಕುಂಟು ಲೆಕ್ಕಕ್ಕಿಲ್ಲ ಎನ್ನುವ ಹಾಗೆ ನಡೆಸಿಕೊಂಡದ್ದಕ್ಕೆ ಮೈ ಉರಿಯುತ್ತಿತ್ತು.

ಉರಿಯುವ ಬೆಂಕಿಗೆ ತುಪ್ಪ ಸುರಿದದ್ದು ಬಹುಮಾನದ ದಿನ. ಪಾಪ, ಮುನಿಸಿಕೊಂಡಿದ್ದಾಳೆ ಎಂದು ಸಂಘಟಕರು ಅವಳಿಗಾಗಿ ಪ್ರೋತ್ಸಾಹದ ಕಪ್ಪೊಂದನ್ನು ತಂದಿಟ್ಟಿದ್ದರು. ವೇದಿಕೆಗೆ ಕರೆದರು. ಅದನ್ನು ಕೊಡಲು ನಿಂತಿದ್ದವನು ಆ ವರ್ಷ ಗೆದ್ದ ಗ್ಲೌಸೇ. ವ್ಯಾನಕ್ಕ ಕೂತಲ್ಲಿಂದಲೇ ಕೇಳಿದಳು, "ಮೊದಲ ಸುತ್ತಲ್ಲಿ ಸೋತ ಮಿಕ್ಕವರಿಗೂ ಇದೆಯಾ?" "ಇಲ್ಲಮ್ಮಾ, ನಿಮಗೊಬ್ಬರಿಗೇ" ಎಂದರು ಸಂಘಟಕರೊಬ್ಬರು. "ಹಂಗಾದ್ರೆ ನನಗೂ ಬೇಡ" ಎಂದು ಎದ್ದು ಬಂದಳು. ದುರಹಂಕಾರಿ ಎನ್ನುವ ಹೆಸರು ಅವತ್ತಿನಿಂದ ಖಾಯಂ ಆಯಿತು.

ಕೆಲವು ವಾರಗಳ ನಂತರ, ಒಂದು ಮಧ್ಯಾಹ್ನ, ಗ್ಲೌಸು ಅಭ್ಯಾಸಕ್ಕೆಂದು ಕ್ಲಬ್ಬಿಗೆ ಬಂದ. ಚಪ್ಪಾಳೆ ತಟ್ಟುವ ಗೆಳೆಯರಿರಲಿಲ್ಲ. ಯಜಮಾನರು ಊಟಕ್ಕೆ ಹೋಗಿದ್ದರು. ವ್ಯಾನಕ್ಕ ಒಬ್ಬಳೇ ಆಡಿಕೊಳ್ಳುತ್ತಿದ್ದಳು.

"ಆಡೋಣ್ವಾ?" ಎಂದಳು ಅವಳೇ. "ಸರಿಯಾಗಿ."

ಅವನು ಗ್ಲೌಸು ಹಾಕಿಕೊಳ್ಳುತ್ತಾ, "ಅಳಬಾರದು ಮತ್ತೆ" ಎಂದ.

ಸರಿಯಾಗಿಯೇ ಆಡಿದ. ಅವಳಿಗೆ ಕುರ್ಚಿಯೇ ಗತಿಯಾಯಿತು. ಅದರ ನಡುವೆ ಒಂದು ಆಟದಲ್ಲಿ ಮಾತ್ರ ಅವಳಿಗೆ ಸರದಿ ಬಂತು, ಬೀಳಿಸುವಂಥ ಚೆಂಡಿರಲಿಲ್ಲ. ಉಸಿರು ಹಿಡಿದು ಮೆಲ್ಲಗೆ ತಾಗಿಸಿ, ಬಿಳಿ ಚೆಂಡನ್ನು ಎರಡು ಚೆಂಡುಗಳ ಹಿಂದೆ ಉರುಳಿಸಿ ನಿಲ್ಲಿಸಿದಳು. ಗ್ಲೌಸು ಬಗ್ಗಿದ, ಎದ್ದ. ಮೇಜಿನ ಆ ಕಡೆ ಹೋದ, ಈ ಕಡೆ ಬಂದ. ಕೋಲಿನ ತುದಿಗೆ ಸೀಮೆಸುಣ್ಣ ತಿಕ್ಕಿದ, ಮತ್ತೆ ತಿಕ್ಕಿದ. ಹೊಡೆದ, ತಪ್ಪಿತು. ಆ ಒಂದು ಆಟವನ್ನು ಅವಳು ಗೆದ್ದಳು, ಅವನ ಬಲಗೈಯ ಎದುರು.

ಅವನು ಚೆಂಡುಗಳನ್ನು ಜೋಡಿಸುತ್ತಾ ನಕ್ಕ. "ಅದೃಷ್ಟ ಅಕ್ಕಾ ನಿಮ್ದು. ಎಲ್ಲಿ ಹೋಗಿ ನಿಂತಿತ್ತು ನೋಡಿ!"

"ಅದೃಷ್ಟ ಅಲ್ಲ. ನಾನು ಬೇಕಂತಲೇ ಅಲ್ಲಿಟ್ಟಿದ್ದು."

"ಹ್ಞಾಂ, ಹ್ಞಾಂ, ಇರಲಿ ಬಿಡಿ."

"ಇರಲಿ ಬಿಡಿ ಅಲ್ಲ! ಬೇಕಂತಲೇ ಇಟ್ಟಿದ್ದು ಅಂತ ಹೇಳಿದ್ನಲ್ಲ?"

ಅಷ್ಟರಲ್ಲಿ ಶಾಲೆಯ ಗಂಟೆ ಹೊಡೆಯಿತು. ಜಗಳ ಮುಗಿಸಲೂ ಪುರಸೊತ್ತಿಲ್ಲದೆ ಅವಳು ಮೆಟ್ಟಿಲಿಳಿದು ಓಡಿದಳು. ಮಕ್ಕಳನ್ನು ಹತ್ತಿಸಿಕೊಂಡು ಗಲ್ಲಿಯಿಂದ ವ್ಯಾನ್ ಹೊರಗೆ ತೆಗೆಯುವಾಗ, ಯಾರೂ ಅಡ್ಡ ಇಲ್ಲದಿದ್ದರೂ ಹಾರ್ನ್ ಒತ್ತಿ ಹಿಡಿದಳು. ಹಿಂದಿನ ಸೀಟಿನಿಂದ ಒಂದು ಪುಟ್ಟ ಹುಡುಗಿ ಕೇಳಿದಳು, "ವ್ಯಾನಕ್ಕಾ, ಯಾರಿಗೆ ಬೈತಿದ್ದೀರಾ?"