ಗ್ಯಾಸು ಮುಗಿಯುವ ಭಯ

ಎಂಬತ್ತರ ದಶಕದ ಕೊನೆಯ ವರ್ಷಗಳು. ಎರಡನೆಯ ಬಾಣಂತನ ಮುಗಿದ ಮೇಲೆ ನನಗೆ ಉಬ್ಬಸ ಅಂಟಿಕೊಂಡಿತು. ಸೌದೆ ಒಲೆಯ ಮುಂದೆ ಕೂತರೆ ಸಾಕು, ಎದೆ ಸುಂಯ್‌ಗುಟ್ಟಿ ಉಸಿರೇ ಸಿಗುತ್ತಿರಲಿಲ್ಲ. ಹೊಗೆಯಿಂದ ದೂರ ಇರಬೇಕು ಎಂದರು ಚಾಮರಾಜನಗರದ ಡಾಕ್ಟರು. ಪಣಕಹಳ್ಳಿಯಲ್ಲಿ ಅಡಿಗೆ ಮಾಡುವ ಸೊಸೆ ಹೊಗೆ ಬಿಟ್ಟು ದೂರ ಹೋಗುವುದೆಲ್ಲಿಗೆ? ತಾಳವಾಡಿಯಲ್ಲಿ ಮೇಷ್ಟ್ರಾಗಿದ್ದ ನಮ್ಮ ಯಜಮಾನರು ಓಡಾಡಿ ಸತ್ಯಮಂಗಲದಿಂದ ಗ್ಯಾಸ್ ಒಲೆ ತಂದರು. ಅತ್ತೆ ಅದಕ್ಕೆ ವಿಭೂತಿ ಹಚ್ಚಿ ಕೈ ಮುಗಿದರು.

ಇದ್ದದ್ದು ಒಂದೇ ಸಿಲಿಂಡರು. ಮುಗಿದರೆ ತರಕಾರಿ ಲಾರಿಯಲ್ಲಿ ದಿಂಬಂ ಘಾಟಿ ಇಳಿಸಿ ಸತ್ಯಮಂಗಲಕ್ಕೆ ಕಳಿಸಿ, ತುಂಬಿದ್ದನ್ನು ಮತ್ತೆ ಹತ್ತಿಸಿಕೊಂಡು ಬರಬೇಕು. ಗ್ಯಾಸಿಗೆ ಕೊಟ್ಟರೆ ಸಾಲದು. ಲಾರಿಯವನಿಗೆ ಹೋಗುವಾಗೊಂದು ಬಾಡಿಗೆ, ಬರುವಾಗೊಂದು. ಖಾಲಿಯದಕ್ಕೂ ಅಷ್ಟೇ ಬಾಡಿಗೆಯೇ ಎಂದು ನಾನು ಜಗಳಕ್ಕೆ ನಿಂತರೆ, "ಖಾಲಿ ಆದ್ರ ಜಾಗ ಕಮ್ಮಿ ತಕ್ಕಂಡದಾ ಅಕ್ಕ?" ಎನ್ನುತ್ತಿದ್ದ. ಮಾತು ಸರಿಯಾಗಿಯೇ ಇತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಎರಡು ತಿಂಗಳು ಬರುತ್ತದೆ ಎಂದು ಕೊಟ್ಟ ಗ್ಯಾಸು ಒಂದು ತಿಂಗಳಿಗೇ ಮುಗಿಯಿತು. ಮುಂದಿನದೂ ಹಾಗೇ ಆಯಿತು. ನನಗೆ ಅನ್ನ ರುಚಿಸಲಿಲ್ಲ. ಎಲ್ಲೋ ಸೋರುತ್ತಿದೆ ಎಂದು ಟ್ಯೂಬಿಗೆ ಸೋಪಿನ ನೊರೆ ಸವರಿ ನೋಡಿದೆ, ಹೋಗುತ್ತಾ ಬರುತ್ತಾ ಮೂಸಿದೆ. ಬೇಗ ಬೇಯದ ಹುರುಳಿಕಾಳನ್ನು ಮನೆಯಲ್ಲಿ ಮಾಡುವುದನ್ನೇ ಬಿಟ್ಟೆ.

"ಇನ್ನೊಂದ್ಸಲ ಇಂಗೇ ಆದ್ರ ವಾಪಸ್ ಕೊಟ್ಬುಡಮ. ಈ ಬಾಡ್ಗ ಕಟ್ಟಕ ನನ್ನ ಕೈಲಾಗಲ್ಲ," ಎಂದರು ಯಜಮಾನರು. ಹೇಳುವಾಗ ನನ್ನ ಮುಖವನ್ನೇ ನೋಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಏನೂ ತಪ್ಪು ಮಾಡದ ನಾನೇ ತಡವರಿಸಿದೆ. ವಾಪಸ್ ಕೊಡುವುದೆಂದರೆ ಮತ್ತೆ ಸೌದೆ, ಮತ್ತೆ ಆ ಹೊಗೆ. ನನಗೆ ಸಾಯುವ ಹೆದರಿಕೆಯೇ ಆಗಿತ್ತು.

ಅತ್ತೆ ಮಲಗುತ್ತಿದ್ದುದು ಅಡಿಗೆಮನೆಯಲ್ಲಿ. ಎಲ್ಲರಿಗಿಂತ ಮೊದಲು ಎದ್ದು ನಮಗೆ ಕಾಫಿ ಕಾಯಿಸಿಡುತ್ತಿದ್ದವರೂ ಅವರೇ. ನಾನು ಹೋಗುವಷ್ಟರಲ್ಲಿ ಒಲೆ ಉರಿಯುತ್ತಿರುತ್ತಿತ್ತು, ಕಾಫಿಗೆ ಹಚ್ಚಿದ್ದು ಎಂದುಕೊಂಡು ಅದರ ಮೇಲೇ ಅಡಿಗೆಗಿಡುತ್ತಿದ್ದೆ. ಮೂರನೆಯ ಸಿಲಿಂಡರು ಬಂದ ವಾರದಲ್ಲೇ ಒಂದು ಮುಂಜಾನೆ ಮಗು ಹಾಲಿಗೆ ಅತ್ತಿತು. ಅತ್ತೆ ಹಾಲು ಕರೆಯಲು ಕೊಟ್ಟಿಗೆಗೆ ಹೋಗಿದ್ದರು. ನಾನು ಒಳಗೆ ಹೋದೆ. ಒಲೆಯ ಮೇಲೆ ರೊಟ್ಟಿ ಹೆಂಚು ಕವುಚಿಟ್ಟಿತ್ತು. ಎತ್ತಲು ಹೋದರೆ ಕೈ ಚುರ್ರೆಂದಿತು. ಬಗ್ಗಿ ನೋಡಿದರೆ ಹೆಂಚಿನ ಕೆಳಗೆ ಸಣ್ಣಗೆ ನೀಲಿ ಉರಿ.

ಆರಿಸಲು ಕೈ ಚಾಚಿದ್ದೆ, ಹಾಲಿನ ಚೊಂಬು ಹಿಡಿದು ಅತ್ತೆ ಬಂದರು.

"ಅಯ್ಯೋ, ಆರುಸ್ಬ್ಯಾಡ ಕಣವ್ವ!"

ನನಗೆ ಎಲ್ಲಾ ತಿಳಿದುಹೋಯಿತು. ಸೌದೆ ಒಲೆಯ ಕಾಲದಲ್ಲಿ ಅತ್ತೆ ರಾತ್ರಿ ಕೆಂಡದ ಮೇಲೆ ಬೂದಿ ಮುಚ್ಚಿ, ಬೆಳಿಗ್ಗೆ ಅದನ್ನೇ ಊದಿ ಉರಿ ಮಾಡುತ್ತಿದ್ದರು. ಒಲೆಯ ಬೆಂಕಿ ಆರಲು ಬಿಟ್ಟವರಲ್ಲ. ಗ್ಯಾಸಿಗೆ ಬೂದಿ ಇಲ್ಲವಲ್ಲ, ಹೆಂಚು ಮುಚ್ಚಿದ್ದರು.

"ರಾತ್ರಿಯೆಲ್ಲ ಉರಿಸಿದರೆ ಗ್ಯಾಸು ಮುಗಿಯದೆ ಇನ್ನೇನಾಗುತ್ತೆ ಅತ್ತೆ? ನನ್ನ ಉಸಿರಿಗೇ ಕಲ್ಲು ಹಾಕ್ತಿದ್ದೀರಲ್ಲ," ಎಂದು ಅತ್ತುಬಿಟ್ಟೆ.

ಅತ್ತೆ ಚೊಂಬು ಕೆಳಗಿಟ್ಟರು. "ಅಷ್ಟ್ ಸಣ್ಣ ಉರಿಗೂ ಮುಗ್ದೋಯ್ತದಾ? ನಂಗ ತಿಳೀನಿಲ್ಲ ಕಣವ್ವ. ಅದು ಸಿಡುದ್ರ ಕಡ್ಡಿ ಗೀರುವಾಗ್ಲೇ ಸಿಡೀತದಂತ. ನೀ ಗೀರ್ದಾಗೆಲ್ಲ ನನ್ನ ಜೀವ ಬಾಯಿಗ್ ಬತ್ತದ. ಒಂದ್ಸಲ ಅಚ್ಚುದ್ದ ಆರುಸ್ದೆ ಇದ್ರ ನೀ ಕಡ್ಡಿ ಗೀರದೇ ಬ್ಯಾಡವಲ್ಲ, ಅಂತ ಮಡ್ಗಿದ್ದೆ."

ಅವರೇ ತಿರುಪು ತಿರುಗಿಸಿ ಆರಿಸಿದರು. ಅಂದೇ ಮಗನನ್ನು ಕೂರಿಸಿಕೊಂಡು, "ತಪ್ಪು ನಂದು ಕಣಪ್ಪ. ಒಲೆ ವಾಪಸ್ ಕೊಡದು ಬ್ಯಾಡ," ಎಂದರು. ಆ ಸಿಲಿಂಡರು ಎರಡು ತಿಂಗಳು ದಾಟಿ ಬಂತು.

ಆದರೆ ಕಡ್ಡಿಪೆಟ್ಟಿಗೆ ಮಾತ್ರ ಮತ್ತೆ ನನ್ನ ಕೈಗೆ ಸಿಗಲಿಲ್ಲ. ಅದು ಅವರ ಸೊಂಟ ಸೇರಿತ್ತು. "ಮಗೀನ ಎತ್ಕಂಡು ಆಚ ನಿಂತ್ಕ. ಸಿಡುದ್ರೂ ನನ್ ಮ್ಯಾಲೆ ಸಿಡೀಲಿ, ನಾ ಬದುಕಿದ್ದಾಯ್ತು," ಎನ್ನುತ್ತಿದ್ದರು. ಎಷ್ಟು ಹೇಳಿದರೂ ಕೇಳಲಿಲ್ಲ. ದಿನಾ ಬೆಳಿಗ್ಗೆ ಕೂಸನ್ನು ಅವಚಿಕೊಂಡು ನಾನು ಅಂಗಳದಲ್ಲಿ ನಿಲ್ಲುತ್ತಿದ್ದೆ. ಒಳಗೆ ಕಡ್ಡಿ ಗೀರಿದ ಸದ್ದು ಕೇಳುತ್ತಿತ್ತು. "ಒಲ ಅತ್ಕತ್ತು, ಬಾರವ್ವ" ಎಂದು ಅವರು ಕೂಗುವವರೆಗೆ ನಾನು ಉಸಿರು ಬಿಡುತ್ತಿರಲಿಲ್ಲ.