ಸಂಜೆಯವರೆಗೆ ಕಾದ ಕಾಫಿ

೧೯೯೮ರ ಜನವರಿ. ಆನೇಮಹಲ್ ಬಳಿಯ ಒಂದು ಕಾಫಿ ಸಂಸ್ಕರಣಾ ಕೇಂದ್ರದಲ್ಲಿ ನಾನು ಕಪ್ ಟೇಸ್ಟರ್. ಹುರಿದ ಪುಡಿಗೆ ಬಿಸಿನೀರು ಸುರಿದು, ಚಮಚದಲ್ಲಿ ಸೊರ್ರನೆ ಹೀರಿ, ಉಗಿದು, ತೋಟದಿಂದ ಬಂದ ಒಂದೊಂದು ಲಾಟಿನ, ಅಂದರೆ ಒಂದು ಕಂತಿನ ಕಾಫಿಯ, ಗುಣ ಹೇಳುವ ಕೆಲಸ. ಬೆಳಗ್ಗೆ ಕಿಟಕಿಯಾಚೆ ಮಂಜು, ಒಳಗೆ ಬಟ್ಟಲುಗಳ ಹಬೆ. ಯಾವುದು ಯಾವುದೆಂದು ತಿಳಿಯದೆ ಕನಸಿನೊಳಗೆ ನಿಂತಂತಿರುತ್ತಿತ್ತು. ಹಬೆಯಾಚೆ ಸದಾ ಬಷೀರನ ಮುಖ. ಹನ್ನೆರಡು ವರ್ಷ ಜೊತೆಗಿದ್ದ ಗೆಳೆಯ, ಅವನೂ ಟೇಸ್ಟರ್. ಇಬ್ಬರೂ ಒಪ್ಪಿದರೆ ಮಾತ್ರ ಷರಾ ಬರೆಯುವುದು ನಮ್ಮ ಪದ್ಧತಿ.

ಆ ವರ್ಷ ಸಂಕ್ರಾಂತಿ ರಂಜಾನ್ ತಿಂಗಳಲ್ಲೇ ಬಂದಿತ್ತು. ಉಪವಾಸವಿದ್ದಾಗ ಬಷೀರ್ ಹಗಲು ಮೂಸಿ ನೋಡುತ್ತಿದ್ದ, ಹೊತ್ತು ಮುಳುಗಿದ ಮೇಲೆ ರುಚಿ ನೋಡುತ್ತಿದ್ದ. ಸಂಕ್ರಾಂತಿಯ ದಿನವೇ ಮಗ್ಗೆಯ ಗೌರಮ್ಮನವರ ಲಾಟು ಬಂತು. ಗಂಡ ತೀರಿದ ಮೇಲೆ ಅವರೊಬ್ಬರೇ ನಿಂತು ಮಾಡಿಸಿದ ಮೊದಲ ಫಸಲು.

ಮೊದಲ ಚಮಚಕ್ಕೇ ಔಷಧಿಯ ಘಾಟು! ಎರಡನೆಯ ಬಟ್ಟಲಲ್ಲೂ ಅದೇ. "ಟೇಂಟ್ ಐತೆ" ಎಂದೆ. ಟೇಂಟ್ ಎಂದರೆ ಬೇಡದ ವಾಸನೆ ಸೇರಿದ ಕಾಫಿ. ಆ ಷರಾ ಬಿದ್ದರೆ ತೋಟದ ಹೆಸರೇ ಹಾಳು.

ಬಾಗಿಲಲ್ಲಿದ್ದ ಗೌರಮ್ಮ, "ಕಾಫಿ ನೆನೆಹಾಕೋ ತೊಟ್ಟಿನ ನಾನೇ ತಿಕ್ಕಿ ತೊಳ್ದಿದ್ದು ಕಣ್ರೀ, ಹೆಂಗೆ ಕೆಡ್ತದೆ?" ಎಂದರು.

ಬಷೀರ್ ಕಣ್ಣು ಮುಚ್ಚಿ ಬಟ್ಟಲು ಮೂಸಿದ. ನನ್ನನ್ನೊಮ್ಮೆ ನೋಡಿದ. "ಶಿವಣ್ಣ, ಸಂಜೆಗಂಟ ಇರ್ಲಿ ಮಾರಾಯ."

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. "ಉಗಿಯೋದು ತಾನೆ? ಅಷ್ಟಕ್ಕೆ ಉಪಾಸ ಕೆಟ್ಟೋಯ್ತದಾ? ದೊಡ್ಡ ಮೌಲ್ವಿ ಆಗ್ಬುಟ್ಯಲ್ಲಪ್ಪ!" ಎಂದೆ. ಸುತ್ತಲಿದ್ದ ಕೆಲಸದವರು ನಕ್ಕರು. ಅವನ ಮುಖ ಸಣ್ಣದಾಯಿತು. ಆದರೂ ಷರಾ ಬರೆಯಲು ಬಿಡಲಿಲ್ಲ.

ಸಂಜೆ ಗುಡ್ಡದ ಮೇಲೆ ಬೆಳಕು ಜೇನಿನಂತೆ ನಿಧಾನವಾಗಿ ಇಳಿಯಿತು. ಬಷೀರ್ ಖರ್ಜೂರ ತಿಂದು, ನೀರು ಕುಡಿದು, ಬಾಯಿ ಮುಕ್ಕಳಿಸಿ, ಹೊಸದಾಗಿ ಕಾಫಿ ಬೆರೆಸಿ ಹೀರಿದ. "ನೀನೂ ನೋಡು" ಎಂದ. ನೋಡಿದೆ. ಕಿತ್ತಳೆ ಸಿಪ್ಪೆಯ ಘಮ, ಅಚ್ಚುಕಟ್ಟಾದ ಕಾಫಿ! ಘಾಟೆಲ್ಲಿ ಹೋಯಿತು?

ಆಗ ಹೊಳೆಯಿತು. ಬೆಳಗ್ಗೆ ಈಶ್ವರನ ಗುಡಿಯಲ್ಲಿ ಪಚ್ಚೆ ಕರ್ಪೂರದ ತೀರ್ಥ ಕುಡಿದು ನೇರ ಮೇಜಿಗೆ ಬಂದಿದ್ದೆ. ಟೇಸ್ಟರ್‌ಗೆ ಈರುಳ್ಳಿ, ಎಲೆಅಡಿಕೆ, ಸೆಂಟು ಎಲ್ಲ ನಿಷಿದ್ಧ. ತೀರ್ಥವನ್ನು ಆ ಪಟ್ಟಿಗೆ ಸೇರಿಸಬೇಕೆಂದು ನನಗೆಂದೂ ತೋಚಿರಲಿಲ್ಲ.

"ನಿಂಗೆ ಗೊತ್ತಿತ್ತೇನೋ?"

"ನೀನು ಬಾಯಿ ತೆಗ್ದಾಗ್ಲೇ ಕರ್ಪೂರ ಗಮ್ ಅಂತು."

"ಹೇಳೋಕೇನಾಗಿತ್ತು?"

"ನಿನ್ನ ದೇವ್ರ ತೀರ್ಥ ಕಣೋ. ಅಷ್ಟು ಜನದ ಮುಂದೆ ಅದರ ಮೇಲೆ ತಪ್ಪು ಹೊರ್ಸಕ್ಕಾಯ್ತದಾ?"

ನಾಚಿಕೆಯಿಂದ ಕುಗ್ಗಿಹೋದೆ. ಅಷ್ಟೇ ಜನರ ಮುಂದೆ ನಾನು ಅವನ ಉಪವಾಸವನ್ನು ಆಡಿಕೊಂಡಿದ್ದೆ. ಗೌರಮ್ಮನ ಲಾಟಿಗೆ 'ಕ್ಲೀನ್ ಕಪ್' ಎಂದು ಬರೆದು ಇಬ್ಬರೂ ಸಹಿ ಹಾಕಿದೆವು. ಅಲ್ಲಿಯವರೆಗೂ ಕಾದಿದ್ದ ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಮರುದಿನ ಅದೇ ಕೆಲಸದವರನ್ನು ಕರೆದು ತಪ್ಪು ಯಾರದೆಂದು ಹೇಳಿದೆ.

ಗೆಳೆಯನ ದೇವರನ್ನು ನಂಬಬೇಕಿಲ್ಲ, ಅವನ ನಂಬಿಕೆಯ ಮಾನ ಕಾಯಬೇಕು. ಕೆಲಸ ನನಗೆ ಕಲಿಸಿದ್ದು ಇಷ್ಟು. ಆಮೇಲಿನ ರಂಜಾನ್‌ಗಳಲ್ಲಿ ಹೊತ್ತು ಮುಳುಗುವ ತನಕ ನಾನೂ ಚಮಚ ಮುಟ್ಟಲಿಲ್ಲ.